ಟೊಮೆಟೊ ಎಲೆ ಮುಟುರು ರೋಗ

ಟೊಮೆಟೊ ಎಲೆ ಮುಟುರು ರೋಗವು ಬೆಗೊಮೊವೈರಸ್ ಕುಲಕ್ಕೆ ಸೇರಿದ ಹಲವು ವೈರಸ್‌ಗಳಿಂದ ಟೊಮೆಟೊ ಬೆಳೆಗೆ ತಗಲುವ ನಂಜುರೋಗ. ಎಲೆ ಮುದುಡು ರೋಗ, ಎಲೆ ಸುರುಳಿ ರೋಗ ಎಂಬ ಹೆಸರುಗಳೂ ಇದಕ್ಕೆ ಬಳಕೆಯಲ್ಲಿವೆ. ರೋಗಕಾರಕ ವೈರಸ್‌ಗಳನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಬಿಳಿನೊಣ ಎಂಬ ರಸ ಹೀರುವ ಕೀಟ. ಸೋಂಕು ತಗಲಿದ ಗಿಡದ ಎಲೆಗಳು ಚಿಕ್ಕದಾಗಿ ಮುದುಡುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ, ಹೂವು ಕಾಯಿಗಟ್ಟದೆ ಉದುರುತ್ತದೆ. ಎಳೆಯ ಸಸಿಗೆ ರೋಗ ತಗಲಿದರೆ ಇಡೀ ಬೆಳೆ ನಷ್ಟವಾಗಬಹುದು. ಸೋಂಕಿತ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲದ ಕಾರಣ, ರೋಗದ ನಿರ್ವಹಣೆಯು ನಿರೋಧಕ ತಳಿಗಳ ಬಳಕೆ ಮತ್ತು ಸಸಿಗಳನ್ನು ಮೊದಲ ಕೆಲವು ವಾರ ಬಿಳಿನೊಣದಿಂದ ಕಾಪಾಡುವುದರ ಮೇಲೆ ನಿಂತಿದೆ.

ಭಾರತದಲ್ಲಿ ಟೊಮೆಟೊ ಬೆಳೆಯುವ ಬಹುತೇಕ ಎಲ್ಲ ಪ್ರದೇಶಗಳಲ್ಲಿ ಈ ರೋಗ ಕಂಡುಬರುತ್ತದೆ. ಕರ್ನಾಟಕದಲ್ಲಿ ಟೊಮೆಟೊ ಮುಖ್ಯ ಬೆಳೆಯಾಗಿರುವ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಸುತ್ತಲಿನ ಜಿಲ್ಲೆಗಳಲ್ಲಿ ಇದು ಬೇಸಿಗೆ ಬೆಳೆಯ ಪ್ರಮುಖ ಶತ್ರುವಾಗಿದೆ.

## ಹೆಸರಿನ ಮೂಲ

ಮುಟುರು ಎಂದರೆ ಮುದುಡಿ ಸಂಕುಚಿತವಾಗುವುದು. ಮೆಣಸಿನಕಾಯಿ ಬೆಳೆಯಲ್ಲಿ ಎಲೆ ಮುದುಡುವ ತೊಂದರೆಯನ್ನೂ ರೈತರು ಮುಟುರು ರೋಗ ಎಂದೇ ಕರೆಯುತ್ತಾರೆ. ಆದರೆ ಅಲ್ಲಿ ವೈರಸ್ ಜೊತೆಗೆ ಥ್ರಿಪ್ಸ್ ನುಸಿ ಮತ್ತು ಮೈಟ್ ನುಸಿಗಳ ಬಾಧೆಯೂ ಅದೇ ಬಗೆಯ ಲಕ್ಷಣಗಳನ್ನು ಉಂಟುಮಾಡುತ್ತದೆ.

ಬೆಗೊಮೊವೈರಸ್ ಎಂಬ ಹೆಸರು ಹುರುಳಿಕಾಯಿ ಜಾತಿಯ ಬೆಳೆಗೆ ತಗಲುವ ಬೀನ್ ಗೋಲ್ಡನ್ ಮೊಸಾಯಿಕ್ ವೈರಸ್‌ನ ಮೂರು ಪದಗಳ ಮೊದಲ ಅಕ್ಷರಗಳಿಂದ ಬಂದಿದೆ. ಈ ಕುಲವು ಜೆಮಿನಿವಿರಿಡೇ ಕುಟುಂಬಕ್ಕೆ ಸೇರಿದೆ. ಜೆಮಿನಿ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಅವಳಿಗಳು. ಇದೇ ಮಿಥುನ ರಾಶಿಯ ಪಾಶ್ಚಾತ್ಯ ಹೆಸರೂ ಹೌದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಸ್‌ನ ಕಣಗಳು ಒಂದಕ್ಕೊಂದು ಅಂಟಿಕೊಂಡ ಜೋಡಿಗಳಂತೆ ಕಾಣುವುದೇ ಈ ಹೆಸರಿಗೆ ಕಾರಣ.

## ಇತಿಹಾಸ

ಬೆಗೊಮೊವೈರಸ್ ರೋಗಗಳು ಬಹಳ ಹಳೆಯವು. ಕ್ರಿ.ಶ. 752ರಲ್ಲಿ ಜಪಾನಿನ ಸಾಮ್ರಾಜ್ಞಿ ಕೋಕೆನ್ ರಚಿಸಿದ ಪದ್ಯವೊಂದು ಬೇಸಿಗೆಯಲ್ಲೇ ಹಳದಿಯಾದ ಗಿಡವನ್ನು ವರ್ಣಿಸುತ್ತದೆ. ಅದು ಯುಪಟೋರಿಯಂ ಜಾತಿಯ ಗಿಡಕ್ಕೆ ತಗಲುವ ಬೆಗೊಮೊವೈರಸ್ ರೋಗದ ವರ್ಣನೆ ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಸಸ್ಯಗಳ ವೈರಸ್ ರೋಗದ ಬಗ್ಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ದಾಖಲೆ ಇದೆಂದು ಪರಿಗಣಿಸಲಾಗಿದೆ.

ಭಾರತದಲ್ಲಿ ಟೊಮೆಟೊ ಎಲೆ ಮುಟುರು ರೋಗವನ್ನು ವಾಸುದೇವ ಮತ್ತು ಸ್ಯಾಮ್‌ರಾಜ್ ಅವರು 1948ರಲ್ಲಿ ವೈಜ್ಞಾನಿಕವಾಗಿ ವರದಿ ಮಾಡಿದರು. ರೋಗಕಾರಕವು ಬಿಳಿನೊಣದಿಂದ ಹರಡುತ್ತದೆಂಬುದು ತಿಳಿದಿದ್ದರೂ ಅದರ ನಿಜಸ್ವರೂಪ ದಶಕಗಳ ಕಾಲ ಅಸ್ಪಷ್ಟವಾಗಿಯೇ ಇತ್ತು. ಬಿಳಿನೊಣದಿಂದ ಹರಡುವ ಸಸ್ಯ ವೈರಸ್‌ನಲ್ಲಿ ಒಂಟಿ ಎಳೆಯ ಡಿಎನ್‌ಎ ಇದೆಯೆಂಬುದು 1977ರಲ್ಲಿ ಪ್ರಕಟವಾಯಿತು. ಅದುವರೆಗೆ ತಿಳಿದಿದ್ದ ಸಸ್ಯ ವೈರಸ್‌ಗಳಲ್ಲಿ ಹೆಚ್ಚಿನವು ಆರ್‌ಎನ್‌ಎ ವೈರಸ್‌ಗಳಾಗಿದ್ದ ಕಾರಣ ಇದು ಮಹತ್ವದ ಶೋಧವಾಗಿತ್ತು. ಮುಂದೆ ಡಿಎನ್‌ಎ ಅನುಕ್ರಮಗಳನ್ನು ಓದುವ ತಂತ್ರ ಬೆಳೆದಂತೆ, ಒಂದೇ ರೋಗವೆಂದು ತಿಳಿದಿದ್ದುದು ಹಲವು ಭಿನ್ನ ವೈರಸ್‌ಗಳಿಂದ ಬರುವ ರೋಗವೆಂಬುದು ಸ್ಪಷ್ಟವಾಯಿತು.

## ರೋಗಲಕ್ಷಣಗಳು

ಸೋಂಕು ತಗಲಿದ ಎರಡು ಮೂರು ವಾರಗಳಲ್ಲಿ ಲಕ್ಷಣಗಳು ಗೋಚರಿಸುತ್ತವೆ. ಅವು ಮೊದಲು ಕಾಣುವುದು ಗಿಡದ ತುದಿಯ ಹೊಸ ಎಲೆಗಳಲ್ಲಿ. ಸೋಂಕಿಗೆ ಮೊದಲೇ ಪೂರ್ಣವಾಗಿ ಬೆಳೆದ ಎಲೆಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಮುಖ್ಯ ಲಕ್ಷಣಗಳು ಹೀಗಿವೆ:

* ಎಲೆಗಳ ಅಂಚು ಮೇಲಕ್ಕೆ ಅಥವಾ ಕೆಳಕ್ಕೆ ಮಡಿಚಿಕೊಂಡು ಎಲೆ ಬಟ್ಟಲಿನ ಆಕಾರ ತಾಳುವುದು.
* ಎಲೆಯ ನರಗಳ ನಡುವಿನ ಭಾಗ ಹಳದಿಗೆ ತಿರುಗುವುದು, ಎಲೆಯ ಮೇಲ್ಮೈ ಸುಕ್ಕುಗಟ್ಟುವುದು.
* ಹೊಸ ಎಲೆಗಳ ಗಾತ್ರ ಕುಗ್ಗುವುದು, ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗುವುದು.
* ಪಕ್ಕದ ಕುಡಿಗಳು ಹೆಚ್ಚಾಗಿ ಒಡೆದು ಗಿಡ ಗಿಡ್ಡವಾಗಿ ಪೊದೆಯಂತೆ ಕಾಣುವುದು.
* ಹೂವು ಉದುರುವುದು, ಕಾಯಿಗಳು ಕಡಿಮೆಯಾಗಿ ಗಾತ್ರದಲ್ಲಿ ಸಣ್ಣದಾಗುವುದು.

ನಷ್ಟದ ಪ್ರಮಾಣ ಸೋಂಕು ತಗಲಿದ ಸಮಯವನ್ನು ಅವಲಂಬಿಸಿದೆ. ನಾಟಿಯಾದ 20 ದಿನಗಳೊಳಗೆ ರೋಗ ತಗಲಿದ ಗಿಡಗಳಲ್ಲಿ ಇಳುವರಿ ನಷ್ಟ ಶೇ. 90ನ್ನು ಮೀರುತ್ತದೆಂದೂ, 50 ದಿನಗಳ ಹೊತ್ತಿಗೆ ತಗಲಿದರೆ ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರುತ್ತದೆಂದೂ ಭಾರತದಲ್ಲಿ 1970ರ ದಶಕದ ಆರಂಭದಲ್ಲಿ ನಡೆದ ಅಧ್ಯಯನ ತೋರಿಸಿತು. ಕಾಯಿಕಟ್ಟಿದ ಮೇಲೆ ಬರುವ ರೋಗವನ್ನು ಬೆಳೆ ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ, ಸಸಿಮಡಿಯಲ್ಲಿ ತಗಲಿದ ರೋಗವನ್ನು ತಾಳಿಕೊಳ್ಳಲಾರದು. ರೋಗನಿರ್ವಹಣೆಯ ಎಲ್ಲ ಶಿಫಾರಸುಗಳಿಗೂ ಈ ವ್ಯತ್ಯಾಸವೇ ಆಧಾರ.

## ರೋಗಕಾರಕ ವೈರಸ್‌ಗಳು

### ರಚನೆ ಮತ್ತು ವೃದ್ಧಿ

ಬೆಗೊಮೊವೈರಸ್ ಕಣವು ಸುಮಾರು 30 ನ್ಯಾನೊಮೀಟರ್ ಉದ್ದ, 20 ನ್ಯಾನೊಮೀಟರ್ ಅಗಲವಿರುತ್ತದೆ. ಅದರೊಳಗಿರುವುದು ವೃತ್ತಾಕಾರದ, ಒಂಟಿ ಎಳೆಯ ಡಿಎನ್‌ಎ. ಇದರ ಉದ್ದ ಸುಮಾರು 2,700 ನ್ಯೂಕ್ಲಿಯೋಟೈಡ್‌ಗಳು. ಇಷ್ಟು ಚಿಕ್ಕ ಡಿಎನ್‌ಎಯಲ್ಲಿ ಕೆಲವೇ ಪ್ರೋಟೀನ್‌ಗಳ ಮಾಹಿತಿ ಅಡಗಿರಲು ಸಾಧ್ಯ. ತನ್ನ ಡಿಎನ್‌ಎಯನ್ನು ನಕಲು ಮಾಡುವ ಪಾಲಿಮರೇಸ್ ಕಿಣ್ವವೂ ವೈರಸ್‌ನ ಬಳಿ ಇಲ್ಲ. ಅದಕ್ಕೆ ಅದು ಗಿಡದ ಜೀವಕೋಶದ ಕಿಣ್ವವನ್ನೇ ಬಳಸಿಕೊಳ್ಳುತ್ತದೆ. ಬೆಳವಣಿಗೆ ಮುಗಿಸಿ ಡಿಎನ್‌ಎ ತಯಾರಿಕೆಯನ್ನು ನಿಲ್ಲಿಸಿದ ಕೋಶಗಳನ್ನು ವೈರಸ್‌ನ ರೆಪ್ ಎಂಬ ಪ್ರೋಟೀನ್ ಮತ್ತೆ ಆ ಹಂತಕ್ಕೆ ತಳ್ಳುತ್ತದೆ. ಹೀಗೆ ಗಿಡದ ಕೋಶವು ತನಗೆ ಬೇಡವಾದ ಕೆಲಸಕ್ಕೆ ತೊಡಗಿ ವೈರಸ್‌ನ ಪ್ರತಿಗಳನ್ನು ಸಿದ್ಧಪಡಿಸುತ್ತದೆ.

ಈ ವೈರಸ್‌ಗಳು ಹೆಚ್ಚಾಗಿ ಗಿಡದ ಆಹಾರವಾಹಕ ಅಂಗಾಂಶಕ್ಕೆ, ಅಂದರೆ ಫ್ಲೋಯಮ್‌ಗೆ, ಸೀಮಿತವಾಗಿರುತ್ತವೆ. ಎಲೆಯಲ್ಲಿ ತಯಾರಾದ ಸಕ್ಕರೆ ಇದೇ ದಾರಿಯಲ್ಲಿ ಕುಡಿ ಮತ್ತು ಬೇರುಗಳಿಗೆ ಸಾಗುತ್ತದೆ. ಬಿಳಿನೊಣ ರಸ ಹೀರುವುದೂ ಇಲ್ಲಿಂದಲೇ.

### ಪ್ರಭೇದಗಳು

ಭಾರತದಲ್ಲಿ ಟೊಮೆಟೊಗೆ ಎಲೆ ಮುಟುರು ರೋಗ ತರುವ ಹಲವು ಪ್ರಭೇದಗಳನ್ನು ಗುರುತಿಸಲಾಗಿದೆ. ಅವುಗಳಿಗೆ ಮೊದಲು ಗುರುತಿಸಿದ ಸ್ಥಳದ ಹೆಸರಿಡುವುದು ವಾಡಿಕೆ. ಬೆಂಗಳೂರು, ಕರ್ನಾಟಕ, ನವದೆಹಲಿ, ಗುಜರಾತ್ ಮತ್ತು ಪಾಲಂಪುರಗಳ ಹೆಸರಿನ ಪ್ರಭೇದಗಳು ಹೀಗೆ ಬಂದವು. ವೈರಸ್ ಆ ಊರಿಗೆ ಮಾತ್ರ ಸೀಮಿತವೆಂದು ಇದರ ಅರ್ಥವಲ್ಲ.

ಬೆಂಗಳೂರು ಮತ್ತು ಕರ್ನಾಟಕ ಪ್ರಭೇದಗಳಲ್ಲಿ ಒಂದೇ ಡಿಎನ್‌ಎ ವೃತ್ತವಿದೆ. ನವದೆಹಲಿ ಪ್ರಭೇದದಲ್ಲಿ ಡಿಎನ್‌ಎ-ಎ, ಡಿಎನ್‌ಎ-ಬಿ ಎಂಬ ಎರಡು ವೃತ್ತಗಳು ಬೇರೆ ಬೇರೆ ಕಣಗಳಲ್ಲಿರುತ್ತವೆ. ಮೊದಲನೆಯದು ನಕಲು ಮತ್ತು ಹೊರಕವಚದ ತಯಾರಿಕೆಯನ್ನು, ಎರಡನೆಯದು ಗಿಡದೊಳಗಿನ ಸಂಚಾರವನ್ನು ನೋಡಿಕೊಳ್ಳುತ್ತದೆ. ಒಂದೇ ವೃತ್ತವುಳ್ಳ ಹಲವು ವೈರಸ್‌ಗಳ ಜೊತೆಗೆ ಬೀಟಾ ಉಪಗ್ರಹ ಎಂಬ, ಸುಮಾರು ಅರ್ಧದಷ್ಟು ಗಾತ್ರದ ಡಿಎನ್‌ಎ ತುಣುಕು ಇರುತ್ತದೆ. ಇದು ತಾನಾಗಿ ವೃದ್ಧಿಯಾಗಲಾರದು. ಆದರೆ ಗಿಡದ ರಕ್ಷಣಾ ವ್ಯವಸ್ಥೆಯನ್ನು ಅಡಗಿಸುವ ಪ್ರೋಟೀನೊಂದನ್ನು ಒದಗಿಸಿ ರೋಗವನ್ನು ಉಲ್ಬಣಗೊಳಿಸುತ್ತದೆ.

ಒಂದೇ ಗಿಡಕ್ಕೆ ಎರಡು ವೈರಸ್‌ಗಳು ಒಟ್ಟಿಗೆ ತಗಲಿದಾಗ ಅವುಗಳ ಡಿಎನ್‌ಎ ತುಣುಕುಗಳು ಬೆರೆತು ಹೊಸ ವೈರಸ್‌ಗಳು ಹುಟ್ಟುತ್ತವೆ. ಒಂದು ಪ್ರದೇಶದಲ್ಲಿ ಯಶಸ್ವಿಯಾದ ನಿರೋಧಕ ತಳಿ ಇನ್ನೊಂದೆಡೆ ಸೋಲುವುದಕ್ಕೆ ಈ ವೈವಿಧ್ಯವೇ ಮುಖ್ಯ ಕಾರಣ.

ಮಧ್ಯಪ್ರಾಚ್ಯ ಮತ್ತು ಮೆಡಿಟರೇನಿಯನ್ ದೇಶಗಳಲ್ಲಿ ಕುಖ್ಯಾತವಾದ ಟೊಮೆಟೊ ಹಳದಿ ಎಲೆ ಮುಟುರು ವೈರಸ್ ಇದೇ ಕುಲದ ಬೇರೊಂದು ಪ್ರಭೇದ. ಲಕ್ಷಣಗಳು ಹೋಲುವುದರಿಂದ ಎರಡನ್ನೂ ಒಂದೇ ಎಂದು ಭಾವಿಸುವುದುಂಟು.

## ವಾಹಕ: ಬಿಳಿನೊಣ

ಬಿಳಿನೊಣದ ವೈಜ್ಞಾನಿಕ ಹೆಸರು ಬೆಮಿಸಿಯಾ ಟಬಾಸಿ. ಗ್ರೀಸ್ ದೇಶದಲ್ಲಿ ತಂಬಾಕಿನ ಗಿಡದ ಮೇಲೆ ದೊರೆತ ಈ ಕೀಟವನ್ನು ಗೆನಾಡಿಯಸ್ ಅವರು 1889ರಲ್ಲಿ ವಿವರಿಸಿದರು. ಹೆಸರಿನಲ್ಲಿ ನೊಣವೆಂದಿದ್ದರೂ ಇದು ನೊಣಗಳ ಗುಂಪಿಗೆ ಸೇರಿಲ್ಲ. ಗಿಡಹೇನು ಮತ್ತು ಜಿಗಿಹುಳುಗಳಂತೆ ಇದೂ ಹೆಮಿಪ್ಟೆರಾ ಗಣದ ಕೀಟ.

ಪ್ರೌಢ ಕೀಟವು ಸುಮಾರು 1 ಮಿಲಿಮೀಟರ್ ಉದ್ದವಿದ್ದು, ರೆಕ್ಕೆಗಳ ಮೇಲೆ ಬಿಳಿಯ ಮೇಣದ ಪುಡಿ ಹರಡಿರುತ್ತದೆ. ಹೆಣ್ಣು ಕೀಟ ಎಲೆಯ ಕೆಳಭಾಗದಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಸ್ವಲ್ಪ ದೂರ ತೆವಳಿ, ಒಂದೆಡೆ ನೆಲೆಸಿ ರಸ ಹೀರತೊಡಗುತ್ತದೆ. ಬಳಿಕ ರೆಕ್ಕೆ ಮೂಡುವವರೆಗೂ ಅದು ಸ್ಥಳ ಬದಲಿಸುವುದಿಲ್ಲ. ಅಪ್ಸರೆ ಎಂದು ಕರೆಯುವ ಈ ಮರಿಹಂತದಲ್ಲಿ ನಾಲ್ಕು ಘಟ್ಟಗಳಿವೆ. ಬೆಚ್ಚಗಿನ ಹವೆಯಲ್ಲಿ ಮೂರು ವಾರಗಳ ಆಸುಪಾಸಿನಲ್ಲಿ ಒಂದು ಪೀಳಿಗೆ ಪೂರ್ಣಗೊಳ್ಳುವುದರಿಂದ ಒಂದೇ ಬೆಳೆಯ ಅವಧಿಯಲ್ಲಿ ಹಲವು ಪೀಳಿಗೆಗಳು ಬರುತ್ತವೆ. ಫಲಿತವಾಗದ ಮೊಟ್ಟೆಗಳಿಂದಲೂ ಗಂಡು ಕೀಟಗಳು ಹುಟ್ಟುತ್ತವೆ.

ಬೆಮಿಸಿಯಾ ಟಬಾಸಿ ಒಂದೇ ಪ್ರಭೇದವಲ್ಲ, ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಹಲವು ಪ್ರಭೇದಗಳ ಸಮೂಹ ಎಂಬುದು ಈಗ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಡಿಎನ್‌ಎ ಪರೀಕ್ಷೆಯಿಂದಲೇ ಇವುಗಳನ್ನು ಪ್ರತ್ಯೇಕಿಸಬೇಕಾಗುತ್ತದೆ. ಆಶ್ರಯ ಸಸ್ಯ, ಸಂತಾನಶಕ್ತಿ ಮತ್ತು ಕೀಟನಾಶಕಗಳನ್ನು ತಾಳುವ ಗುಣದಲ್ಲಿ ಇವು ಒಂದಕ್ಕಿಂತ ಒಂದು ಭಿನ್ನವಾಗಿವೆ.

## ರೋಗ ಹರಡುವ ಬಗೆ

ಬಿಳಿನೊಣ ಸೂಜಿಯಂತಹ ಬಾಯಿಯ ಅಂಗವನ್ನು ಎಲೆಯೊಳಗೆ ತೂರಿಸಿ ಫ್ಲೋಯಮ್ ರಸವನ್ನು ಹೀರುತ್ತದೆ. ಸೋಂಕಿತ ಗಿಡದ ರಸದೊಡನೆ ವೈರಸ್ ಕೀಟದ ಕರುಳನ್ನು ಸೇರುತ್ತದೆ. ಅಲ್ಲಿಂದ ಕರುಳಿನ ಗೋಡೆಯನ್ನು ದಾಟಿ ಕೀಟದ ರಕ್ತದ್ರವಕ್ಕೆ ಬಂದು, ಕೊನೆಗೆ ಲಾಲಾಗ್ರಂಥಿಯನ್ನು ತಲುಪುತ್ತದೆ. ಕೀಟ ಮುಂದಿನ ಗಿಡದಲ್ಲಿ ರಸ ಹೀರುವಾಗ ಜೊಲ್ಲಿನೊಡನೆ ವೈರಸ್ ಆ ಗಿಡವನ್ನು ಹೊಕ್ಕುತ್ತದೆ. ಕೆಲವು ಬೆಗೊಮೊವೈರಸ್‌ಗಳ ವಿಷಯದಲ್ಲಿ, ಬಿಳಿನೊಣದ ದೇಹದಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಪ್ರೋಟೀನೊಂದು ರಕ್ತದ್ರವದಲ್ಲಿ ವೈರಸ್‌ಗೆ ರಕ್ಷಣೆ ನೀಡುತ್ತದೆಂದು ತಿಳಿದುಬಂದಿದೆ.

ಯಾವ ಕೀಟ ವೈರಸ್‌ನ ವಾಹಕವಾಗಬೇಕೆಂಬುದನ್ನು ನಿರ್ಧರಿಸುವುದು ವೈರಸ್‌ನ ಹೊರಕವಚದ ಪ್ರೋಟೀನ್. ಬಿಳಿನೊಣದಿಂದ ಹರಡುವ ಮರಗೆಣಸಿನ ಮೊಸಾಯಿಕ್ ವೈರಸ್‌ಗೆ ಜಿಗಿಹುಳುವಿನಿಂದ ಹರಡುವ ಇನ್ನೊಂದು ವೈರಸ್‌ನ ಹೊರಕವಚವನ್ನು ತೊಡಿಸಿದಾಗ ಅದು ಜಿಗಿಹುಳುವಿನ ಮೂಲಕ ಹರಡಿತು. 1990ರಲ್ಲಿ ಪ್ರಕಟವಾದ ಈ ಪ್ರಯೋಗವು ವಿಷಯವನ್ನು ಖಚಿತಪಡಿಸಿತು.

ಬೆಂಗಳೂರಿನಲ್ಲಿ ದೊರೆತ ವೈರಸ್ ಕುರಿತು ವಿ. ಮುನಿಯಪ್ಪ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಹರಡುವಿಕೆಯ ವೇಗವನ್ನು ಅಳೆಯಿತು. ಸೋಂಕಿತ ಗಿಡದ ಮೇಲೆ 10 ನಿಮಿಷ ಕುಳಿತ ಬಿಳಿನೊಣ ವೈರಸ್ ಪಡೆಯಬಲ್ಲದು, ಆರೋಗ್ಯವಂತ ಗಿಡದ ಮೇಲೆ 20 ನಿಮಿಷ ಕುಳಿತರೆ ಅದನ್ನು ದಾಟಿಸಬಲ್ಲದು. ಒಂದೇ ಕೀಟ ರೋಗ ಹರಡಲು ಸಾಕು. ಗಿಡವೊಂದಕ್ಕೆ ಐದು ಕೀಟಗಳಿದ್ದಾಗ ಪ್ರಯೋಗದ ಎಲ್ಲ ಗಿಡಗಳಿಗೂ ಸೋಂಕು ತಗಲಿತು. ಗಂಡಿಗಿಂತ ಹೆಣ್ಣು ಕೀಟಗಳು ಹೆಚ್ಚು ಸಮರ್ಥ ವಾಹಕಗಳೆಂದೂ, ಒಮ್ಮೆ ವೈರಸ್ ಪಡೆದ ಕೀಟ ಸುಮಾರು 12 ದಿನ ರೋಗ ಹರಡಬಲ್ಲದೆಂದೂ ಕಂಡುಬಂತು.

ಈ ಅಂಕಿಗಳಿಂದ ಕೀಟನಾಶಕ ಸಿಂಪಡಣೆಯ ಮಿತಿಯೂ ಸ್ಪಷ್ಟವಾಗುತ್ತದೆ. ಸಿಂಪಡಿಸಿದ ಗಿಡದ ಮೇಲೆ ಬಂದು ಕೂರುವ ಬಿಳಿನೊಣ ಕೆಲವು ಗಂಟೆಗಳ ನಂತರ ಸಾಯಬಹುದು, ಆದರೆ ಅದಕ್ಕೆ ಮೊದಲೇ ವೈರಸ್ ಗಿಡದೊಳಗೆ ಸೇರಿರುತ್ತದೆ. ಹೊರಗಿನ ಹೊಲಗಳಿಂದ ಕೀಟಗಳು ಬರುತ್ತಲೇ ಇದ್ದರೆ ಪದೇ ಪದೇ ಸಿಂಪಡಿಸಿದರೂ ರೋಗ ಹಬ್ಬುತ್ತದೆ.

ಹೊಲದ ಮಟ್ಟದಲ್ಲಿ ರೋಗ ಹಬ್ಬುವ ಮುಖ್ಯ ದಾರಿ ಬಿಳಿನೊಣವೇ. ಕಸಿಯ ಮೂಲಕವೂ ವೈರಸ್ ದಾಟುತ್ತದೆ. ಮಣ್ಣಿನಿಂದ ಈ ರೋಗ ಬರುವುದಿಲ್ಲ.

## ಋತು ಮತ್ತು ಆಶ್ರಯ ಸಸ್ಯಗಳು

ದಕ್ಷಿಣ ಕರ್ನಾಟಕದಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ನಾಟಿ ಮಾಡಿದ ಬೆಳೆಯಲ್ಲಿ ರೋಗ ಅತ್ಯಂತ ತೀವ್ರವಾಗಿರುತ್ತದೆ. ಒಣ ಹವೆಯಲ್ಲಿ ಬಿಳಿನೊಣ ವೇಗವಾಗಿ ಹೆಚ್ಚುವುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ಕೀಟಗಳ ಸಂಖ್ಯೆ ಇಳಿದು ರೋಗವೂ ತಗ್ಗುತ್ತದೆ. ಬೇಸಿಗೆಯಲ್ಲಿ ಮಾರುಕಟ್ಟೆಗೆ ಬರುವ ಹಣ್ಣು ಕಡಿಮೆಯಾದಾಗ ಒಳ್ಳೆಯ ಬೆಲೆ ಸಿಗುವ ಸಂಭವವಿರುವುದರಿಂದ ರೈತರು ಅಪಾಯದ ಅರಿವಿದ್ದೂ ಈ ಅವಧಿಯಲ್ಲಿ ಬೆಳೆಯಿಡುತ್ತಾರೆ.

ನೀರಾವರಿ ಪ್ರದೇಶಗಳಲ್ಲಿ ಟೊಮೆಟೊ ವರ್ಷವಿಡೀ ಇರುವುದರಿಂದ ಹಳೆಯ ಬೆಳೆಯೇ ಹೊಸ ಬೆಳೆಗೆ ಸೋಂಕಿನ ಮೂಲವಾಗುತ್ತದೆ. ಪಾರ್ಥೇನಿಯಂ, ಅಜೆರೇಟಂ, ಅಕ್ಯಾಂಥೋಸ್ಪರ್ಮಂ ಮತ್ತು ಯುಫೋರ್ಬಿಯಾ ಜಾತಿಯ ಕಳೆಗಳಲ್ಲಿಯೂ ವೈರಸ್ ಅಥವಾ ಬಿಳಿನೊಣ ಉಳಿದುಕೊಳ್ಳುತ್ತದೆ. ಬೆಳೆ ಮುಗಿದ ಹೊಲದ ಬದುಗಳಲ್ಲಿ ಈ ಕಳೆಗಳು ಬೆಳೆಯುವುದರಿಂದ ರೋಗದ ಸರಪಳಿ ಕಡಿಯುವುದಿಲ್ಲ.

## 1999ರ ಕೋಲಾರದ ಪಿಡುಗು

1999ರಲ್ಲಿ ಕೋಲಾರ ಜಿಲ್ಲೆಯ ಟೊಮೆಟೊ ಹೊಲಗಳಲ್ಲಿ ಬಿಳಿನೊಣಗಳ ಸಂಖ್ಯೆ ಅಸಾಮಾನ್ಯವಾಗಿ ಏರಿ, ಎಲೆ ಮುಟುರು ರೋಗ ತೀವ್ರವಾಗಿ ಹಬ್ಬಿತು. ಕೀಟಗಳನ್ನು ಪರೀಕ್ಷಿಸಿದಾಗ ಅವು ಸ್ಥಳೀಯ ಬಿಳಿನೊಣಗಳಲ್ಲ, ಬಿ ಜೈವಿಕ ಪ್ರಕಾರವೆಂದು ಕರೆಯಲಾಗುತ್ತಿದ್ದ ವಿದೇಶಿ ಬಿಳಿನೊಣಗಳೆಂದು ತಿಳಿಯಿತು. ಭಾರತದಲ್ಲಿ ಈ ಪ್ರಕಾರದ ಮೊದಲ ವರದಿ ಇದಾಗಿದ್ದು, 2001ರಲ್ಲಿ ಪ್ರಕಟವಾಯಿತು. ಇದರ ಮೂಲ ನೆಲೆ ಮಧ್ಯಪ್ರಾಚ್ಯ ಮತ್ತು ಏಷ್ಯಾ ಮೈನರ್ ಪ್ರದೇಶ. 1980ರ ದಶಕದಿಂದೀಚೆಗೆ ಇದು ಅಮೆರಿಕ ಸೇರಿದಂತೆ ಹಲವು ದೇಶಗಳಿಗೆ ಹರಡಿ ಅಪಾರ ನಷ್ಟ ಉಂಟುಮಾಡಿತ್ತು.

ಈ ಬಿಳಿನೊಣ ಟೊಮೆಟೊ ಗಿಡದ ಮೇಲೆ ಚೆನ್ನಾಗಿ ಸಂತಾನ ಬೆಳೆಸುತ್ತದೆ. ಇದರ ಮರಿಗಳು ರಸ ಹೀರಿದ ಕುಂಬಳ ಜಾತಿಯ ಗಿಡಗಳ ಎಲೆಗಳು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ, ಟೊಮೆಟೊ ಹಣ್ಣು ಒಂದೇ ಸಮನೆ ಮಾಗದೆ ಪಟ್ಟೆಪಟ್ಟೆಯಾಗುತ್ತದೆ. ವಾಹಕದ ಬದಲಾವಣೆಯೊಂದೇ ಹಳೆಯ ರೋಗವೊಂದಕ್ಕೆ ಹೊಸ ಬಲ ನೀಡಬಹುದೆಂಬುದಕ್ಕೆ ಕೋಲಾರದ ಪಿಡುಗನ್ನು ಉದಾಹರಿಸಲಾಗುತ್ತದೆ.

## ನಿರೋಧಕ ತಳಿಗಳು

ಕೃಷಿಯಲ್ಲಿರುವ ಟೊಮೆಟೊದಲ್ಲಿ ಈ ರೋಗಕ್ಕೆ ಸಹಜ ನಿರೋಧಕ ಶಕ್ತಿ ಅತ್ಯಲ್ಪ. ಆದ್ದರಿಂದ ತಳಿ ವಿಜ್ಞಾನಿಗಳು ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳ ಮೊರೆಹೋದರು. ಹರಿಯಾಣದಲ್ಲಿ 1980ರ ದಶಕದಲ್ಲಿ ಸೊಲಾನಂ ಹ್ಯಾಬ್ರೊಕೈಟಿಸ್ ಎಂಬ ಕಾಡು ಪ್ರಭೇದದಿಂದ ನಿರೋಧಕ ಗುಣವನ್ನು ಪಡೆದು ಎಚ್-24 ಮುಂತಾದ ಸಾಲುಗಳನ್ನು ಬೆಳೆಸಲಾಯಿತು. ಅದರಲ್ಲಿರುವ ಟಿವೈ-2 ಎಂಬ ಜೀನ್ 11ನೇ ವರ್ಣತಂತುವಿನಲ್ಲಿದೆ. ಸೊಲಾನಂ ಚಿಲೆನ್ಸೆ ಎಂಬ ಇನ್ನೊಂದು ಕಾಡು ಪ್ರಭೇದದಿಂದ ಬಂದ ಟಿವೈ-1 ಮತ್ತು ಟಿವೈ-3 ಒಂದೇ ಜೀನ್‌ನ ಎರಡು ರೂಪಗಳೆಂದು 2013ರಲ್ಲಿ ತಿಳಿಯಿತು. ಇದು ವೈರಸ್‌ನ ಜೀನ್‌ಗಳನ್ನು ನಿಷ್ಕ್ರಿಯಗೊಳಿಸುವ ಗಿಡದ ಸ್ವಂತ ರಕ್ಷಣೆಯನ್ನು ಬಲಪಡಿಸುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಸಂಕ್ರಾಂತಿ, ನಂದಿ ಮತ್ತು ವೈಭವ್ ಎಂಬ ನಿರೋಧಕ ತಳಿಗಳನ್ನು ಅಭಿವೃದ್ಧಿಪಡಿಸಿತು. ಇವು ಸಂಕರಣ ತಳಿಗಳಲ್ಲದ ಕಾರಣ ರೈತರು ಬೀಜವನ್ನು ತಾವೇ ಉಳಿಸಿಕೊಳ್ಳಬಹುದು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಸಂಕರಣ ತಳಿಗಳು ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ ಮತ್ತು ಮುಂಚಿನ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುತ್ತವೆ. ಅದೇ ಸಂಸ್ಥೆಯ ಅರ್ಕಾ ಅಭೇದ್ ಇವುಗಳ ಜೊತೆಗೆ ತಡವಾದ ಅಂಗಮಾರಿಯನ್ನೂ ತಡೆಯುತ್ತದೆ.

ನಿರೋಧಕ ಗುಣವೆಂದರೆ ಸೋಂಕೇ ತಗಲದಿರುವುದಲ್ಲ. ಗಿಡದೊಳಗೆ ವೈರಸ್ ಇದ್ದರೂ ಅದರ ವೃದ್ಧಿ ನಿಧಾನವಾಗಿ, ಬೆಳೆ ಇಳುವರಿ ಕೊಡುತ್ತದೆ. ಅಂಥ ಗಿಡಗಳೂ ಅಕ್ಕಪಕ್ಕದ ಹೊಲಗಳಿಗೆ ಸೋಂಕಿನ ಮೂಲವಾಗಬಹುದು.

## ನಿರ್ವಹಣೆ

* ಸಸಿಮಡಿಯ ರಕ್ಷಣೆ: ಬೀಜ ಬಿತ್ತಿದ ದಿನದಿಂದ ನಾಟಿಯವರೆಗೆ ಸಸಿಗಳನ್ನು ಸಣ್ಣ ಕಣ್ಣಿನ ನೈಲಾನ್ ಬಲೆಯೊಳಗೆ ಬೆಳೆಸುವುದು ಅತಿ ಮುಖ್ಯ ಕ್ರಮ. ಸಸಿಗಳನ್ನು ಕೊಂಡು ತರುವಾಗ ನರ್ಸರಿಯ ಬಲೆ ಹರಿಯದೆ ಇರುವುದನ್ನೂ, ಎಲೆಯಡಿಯಲ್ಲಿ ಬಿಳಿನೊಣ ಇಲ್ಲದಿರುವುದನ್ನೂ ನೋಡಬೇಕು. ಸೋಂಕಿತ ಸಸಿ ನಾಟಿಯ ವೇಳೆ ಆರೋಗ್ಯವಾಗಿಯೇ ಕಾಣಬಹುದು.
* ರೋಗಪೀಡಿತ ಗಿಡಗಳ ನಾಶ: ನಾಟಿಯಾದ ಮೊದಲ ವಾರಗಳಲ್ಲಿ ಲಕ್ಷಣ ಕಂಡ ಗಿಡಗಳನ್ನು ಕಿತ್ತು ಹೂಳಬೇಕು. ಹೆಚ್ಚಿನ ಗಿಡಗಳಿಗೆ ರೋಗ ತಗಲಿದ ಮೇಲೆ ಇದರಿಂದ ಪ್ರಯೋಜನವಿಲ್ಲ.
* ಗಡಿ ಬೆಳೆ: ಟೊಮೆಟೊ ನಾಟಿಗೆ ಮೊದಲೇ ಹೊಲದ ಸುತ್ತ ಮುಸುಕಿನ ಜೋಳ ಅಥವಾ ಜೋಳವನ್ನು ಒತ್ತಾಗಿ ಬಿತ್ತಿದರೆ ಹೊರಗಿನಿಂದ ಬರುವ ಕೀಟಗಳಿಗೆ ಅಡ್ಡಿಯಾಗುತ್ತದೆ.
* ಅಂಟು ಬಲೆ ಮತ್ತು ಹೊದಿಕೆ: ಬಿಳಿನೊಣ ಹಳದಿ ಬಣ್ಣಕ್ಕೆ ಆಕರ್ಷಿತವಾಗುವುದರಿಂದ ಹಳದಿ ಅಂಟು ಬಲೆಗಳು ಕೀಟದ ಆಗಮನವನ್ನು ತಿಳಿಯಲು ನೆರವಾಗುತ್ತವೆ. ಬೆಳಕು ಪ್ರತಿಫಲಿಸುವ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಕೀಟಗಳು ಗಿಡದ ಮೇಲೆ ಇಳಿಯುವುದನ್ನು ಕಡಿಮೆ ಮಾಡುತ್ತದೆ.
* ನೈರ್ಮಲ್ಯ: ಕೊಯ್ಲು ಮುಗಿದ ಬೆಳೆಯನ್ನು ಹೊಲದಲ್ಲಿ ನಿಲ್ಲಲು ಬಿಡದೆ ಕಿತ್ತು ಹಾಕುವುದು, ಬದುಗಳ ಕಳೆ ತೆಗೆಯುವುದು ಅಗತ್ಯ. ಇದನ್ನು ಅಕ್ಕಪಕ್ಕದ ರೈತರೆಲ್ಲ ಒಟ್ಟಾಗಿ ಮಾಡಿದಾಗ ಮಾತ್ರ ಪೂರ್ಣ ಫಲ ದೊರೆಯುತ್ತದೆ.
* ಕೀಟನಾಶಕಗಳು: ನಾಟಿಯ ಮುನ್ನ ಮತ್ತು ನಂತರದ ಮೊದಲ ವಾರಗಳಲ್ಲಿ ಇವುಗಳ ಬಳಕೆ ಹೆಚ್ಚು ಉಪಯುಕ್ತ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಸಿಂಪಡಿಸಿದರೆ ಬಿಳಿನೊಣ ಅದನ್ನು ತಾಳುವ ಶಕ್ತಿ ಬೆಳೆಸಿಕೊಳ್ಳುತ್ತದೆ, ಎನ್ಕಾರ್ಸಿಯಾದಂತಹ ಪರತಂತ್ರ ಕೀಟಗಳೂ ಗುಲಗಂಜಿ ಹುಳುಗಳಂತಹ ಪರಭಕ್ಷಕಗಳೂ ನಾಶವಾಗುತ್ತವೆ.

## ಹೋಲುವ ಇತರ ತೊಂದರೆಗಳು

ಎಲೆ ಮಡಿಚುವುದೆಲ್ಲ ವೈರಸ್ ರೋಗವಲ್ಲ. ಅತಿಯಾದ ಬಿಸಿಲು, ನೀರಿನ ಏರುಪೇರು ಅಥವಾ ಹೆಚ್ಚು ಕುಡಿ ಚಿವುಟಿದ ಕಾರಣದಿಂದ ಗಿಡದ ಕೆಳಗಿನ ಹಳೆಯ ಎಲೆಗಳು ಸುರುಳಿಯಾಗುವುದುಂಟು. ಆಗ ಎಲೆ ಹಸಿರಾಗಿಯೇ ಇದ್ದು ತುದಿಯ ಬೆಳವಣಿಗೆ ಸಹಜವಾಗಿರುತ್ತದೆ. ಪಕ್ಕದ ಹೊಲದಲ್ಲಿ ಸಿಂಪಡಿಸಿದ ಕಳೆನಾಶಕ ಗಾಳಿಯಲ್ಲಿ ತೇಲಿಬಂದರೂ ಎಲೆಗಳು ವಿಕಾರಗೊಳ್ಳುತ್ತವೆ. ಥ್ರಿಪ್ಸ್ ನುಸಿಯಿಂದ ಹರಡುವ ಟಾಸ್ಪೊವೈರಸ್ ರೋಗದಲ್ಲಿ ಎಲೆಗಳ ಮೇಲೆ ಕಂದು ಮಚ್ಚೆ ಮೂಡಿ ಕುಡಿ ಒಣಗುತ್ತದೆ, ಹಣ್ಣಿನ ಮೇಲೆ ಉಂಗುರದಂತಹ ಕಲೆಗಳಾಗುತ್ತವೆ. ಗಿಡಹೇನಿನಿಂದ ಹರಡುವ ಸೌತೆ ಮೊಸಾಯಿಕ್ ವೈರಸ್ ತಗಲಿದರೆ ಎಲೆಗಳು ದಾರದಂತೆ ಸಪೂರವಾಗುತ್ತವೆ. ಖಚಿತ ನಿರ್ಣಯಕ್ಕೆ ಪ್ರಯೋಗಾಲಯದಲ್ಲಿ ಪಿಸಿಆರ್ ಪರೀಕ್ಷೆ ನಡೆಸಲಾಗುತ್ತದೆ.

## ಇತರ ಬೆಳೆಗಳು ಮತ್ತು ದೇಶಗಳು

ನವದೆಹಲಿ ಪ್ರಭೇದವು ಟೊಮೆಟೊಗೆ ಸೀಮಿತವಾಗಿಲ್ಲ. ಉತ್ತರ ಭಾರತದಲ್ಲಿ ಇದು ಆಲೂಗಡ್ಡೆಗೂ, ಸೌತೆ, ಕುಂಬಳ ಮತ್ತು ಹೀರೆ ಜಾತಿಯ ಬಳ್ಳಿಗಳಿಗೂ ತಗಲುತ್ತದೆ. 2012ರಲ್ಲಿ ಸ್ಪೇನ್ ದೇಶದ ಜುಕಿನಿ ಬೆಳೆಯಲ್ಲಿ ಕಾಣಿಸಿಕೊಂಡ ಈ ವೈರಸ್ ಅನಂತರ ಇಟಲಿ ಮತ್ತು ಟ್ಯುನೀಷಿಯಾಗಳಲ್ಲಿಯೂ ಪತ್ತೆಯಾಯಿತು. ಬೆಂಡೆಯ ಹಳದಿ ನರ ರೋಗ, ಹೆಸರು ಮತ್ತು ಉದ್ದಿನ ಹಳದಿ ಮೊಸಾಯಿಕ್ ರೋಗ, ಹತ್ತಿಯ ಎಲೆ ಮುಟುರು ರೋಗ ಹಾಗೂ ಮರಗೆಣಸಿನ ಮೊಸಾಯಿಕ್ ರೋಗಗಳಿಗೂ ಬಿಳಿನೊಣದಿಂದ ಹರಡುವ ಬೆಗೊಮೊವೈರಸ್‌ಗಳೇ ಕಾರಣ.

## ಇವನ್ನೂ ನೋಡಿ

* ಟೊಮೆಟೊ
* ವೈರಸ್
* ಬಿಳಿನೊಣ
* ಸಸ್ಯ ರೋಗಶಾಸ್ತ್ರ
* ಸಮಗ್ರ ಪೀಡೆ ನಿರ್ವಹಣೆ